ರಂಜಕಕ್ಕೆ ನೀರಿನ ನಂಟು: ನೀರಲ್ಲಿ ಕರಗುವ ಫಾಸ್ಫೀನ್ ಅಂದರೇನು, ಅದು ಯಾಕೆ ಬೇಕು?

ಹೃದಯದ ಸ್ಕ್ಯಾನ್‌ಗೆ ಬರೆದುಕೊಟ್ಟ ಚೀಟಿಯಲ್ಲಿ 'ಟೆಟ್ರೋಫಾಸ್ಮಿನ್' ಅನ್ನೋ ಪದ ನೋಡಿ ಗಾಬರಿಯಾಗುವವರು ಇದ್ದಾರೆ. ಹೃದಯದ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡುವ ಪರೀಕ್ಷೆ ಅದು. ಪಕ್ಕದಲ್ಲೇ ಟೆಕ್ನೀಷಿಯಂ ಅಂತ ಇರುತ್ತದೆ, ಅದು ವಿಕಿರಣ ಸೂಸುವ ಒಂದು ಲೋಹ. ಏನಿದು ಅಂತ ಹುಡುಕಿದರೆ 'ಫಾಸ್ಫೀನ್ ಲಿಗ್ಯಾಂಡ್' ಅಂತ ಬರುತ್ತದೆ. ಇನ್ನೊಂಚೂರು ಹುಡುಕಿದರೆ ಫಾಸ್ಫೀನ್ ವಿಷಾನಿಲ ಅಂತ ಬರುತ್ತದೆ. ಅಲ್ಲಿಗೆ ಆ ರಾತ್ರಿಯ ನಿದ್ದೆ ಹೋದ ಹಾಗೆಯೇ.

ಮೊದಲು ಆ ಭಯ ಬಿಡಿ. ವಿಷಾನಿಲ ಬೇರೆ, ಇದು ಬೇರೆ. ಎರಡಕ್ಕೂ ಹೆಸರು ಒಂದೇ ಮನೆತನದ್ದು, ಅಷ್ಟೇ. ಈ ಮನೆತನದಲ್ಲಿ ನೀರಿನ ಜೊತೆ ಹೊಂದಿಕೊಳ್ಳಲು ಕಲಿತ ಕೆಲವರಿದ್ದಾರೆ. ದೊಡ್ಡ ಕಾರ್ಖಾನೆಯ ಟ್ಯಾಂಕಿನಿಂದ ಹಿಡಿದು ಆಸ್ಪತ್ರೆಯ ಪುಟ್ಟ ಬಾಟಲಿಯವರೆಗೆ ಕೆಲಸ ಮಾಡುವವರು ಅವರೇ. ಅವರ ಬಗ್ಗೆ ತಳದಿಂದಲೇ ಶುರು ಮಾಡಿ ಹೇಳುತ್ತೇನೆ. ರಸಾಯನಶಾಸ್ತ್ರ ಮರೆತು ಎಷ್ಟೋ ವರ್ಷ ಆಗಿದ್ದರೂ ಪರವಾಗಿಲ್ಲ.

## ಲಿಗ್ಯಾಂಡ್ ಅಂದರೆ ಹಿಡಿದುಕೊಳ್ಳುವವನು

ಮೈಲುತುತ್ತ ನೋಡಿರುತ್ತೀರಿ. ನೀಲಿ ಹರಳು, ತಾಮ್ರದ ಲವಣ. ಅದನ್ನು ಚೆನ್ನಾಗಿ ಕಾಯಿಸಿದರೆ ನೀಲಿ ಹೋಗಿ ಬೆಳ್ಳಗಿನ ಪುಡಿಯಾಗುತ್ತದೆ. ಆ ಪುಡಿಗೆ ಒಂದು ಹನಿ ನೀರು ಬಿಡಿ, ಬಿದ್ದ ಜಾಗ ಮತ್ತೆ ನೀಲಿಯಾಗುತ್ತದೆ. ಅಲ್ಲಿ ನಡೆದದ್ದು ಇಷ್ಟು: ನೀರಿನ ಅಣುಗಳು ತಾಮ್ರದ ಸುತ್ತ ಬಂದು ಅದನ್ನು ಹಿಡಿದುಕೊಂಡವು. ಹಿಡಿದಾಗ ಒಂದು ಬಣ್ಣ, ಬಿಟ್ಟಾಗ ಇನ್ನೊಂದು.

ಹೀಗೆ ಲೋಹದ ಪರಮಾಣುವನ್ನು ಸುತ್ತಲಿಂದ ಹಿಡಿದುಕೊಳ್ಳುವ ಅಣುವಿಗೆ ಲಿಗ್ಯಾಂಡ್ ಅಂತ ಹೆಸರು. ಲೋಹ ಮತ್ತು ಲಿಗ್ಯಾಂಡ್ ಎರಡೂ ಸೇರಿದ್ದು ಸಂಕೀರ್ಣ. ಇವುಗಳ ಅಧ್ಯಯನವೇ ಕೋಆರ್ಡಿನೇಷನ್ ರಸಾಯನಶಾಸ್ತ್ರ. ಇದಕ್ಕೆ ತಳಪಾಯ ಹಾಕಿದವರು ಆಲ್ಫ್ರೆಡ್ ವರ್ನರ್. 1893ರಲ್ಲಿ ಅವರು ಈ ವಿಚಾರ ಮಂಡಿಸಿದರು, 1913ರಲ್ಲಿ ಅದಕ್ಕೆ ನೊಬೆಲ್ ಬಂತು.

ನಮ್ಮ ರಕ್ತದಲ್ಲೂ ಇದೇ ಏರ್ಪಾಡು. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಪರಮಾಣುವನ್ನು ಒಂದು ದೊಡ್ಡ ಉಂಗುರ ಹಿಡಿದು ಕೂತಿರುತ್ತದೆ, ಆಮ್ಲಜನಕ ಬಂದು ಅದೇ ಕಬ್ಬಿಣಕ್ಕೆ ಅಂಟಿ ಸವಾರಿ ಮಾಡುತ್ತದೆ. ಉಂಗುರ ಬದಲಾದರೆ ಕಬ್ಬಿಣದ ನಡತೆಯೂ ಬದಲಾಗುತ್ತದೆ. ಈ ಮಾತು ನೆನಪಿರಲಿ. ಲೋಹ ಅದೇ ಇದ್ದರೂ, ಹಿಡಿದವರು ಯಾರು ಅನ್ನೋದರ ಮೇಲೆ ಅದರ ಸ್ವಭಾವ ನಿಂತಿದೆ.

## ಫಾಸ್ಫೀನ್‌ನಲ್ಲಿ ಅಂಥದ್ದೇನಿದೆ?

ಫಾಸ್ಫೀನ್‌ನ ಹೃದಯ ರಂಜಕದ ಒಂದು ಪರಮಾಣು. ಅದಕ್ಕೆ ಮೂರು ಕೈ. ಮೂರೂ ಕೈಯಲ್ಲಿ ಜಲಜನಕ ಇದ್ದರೆ ಅದು ವಿಷಾನಿಲ. ದಾಸ್ತಾನಿಟ್ಟ ಧಾನ್ಯಕ್ಕೆ ಹುಳ ಬೀಳದಂತೆ ಹೊಗೆ ಹಾಕಲು ಬಳಸುವುದು ಅದನ್ನೇ. ಆದರೆ ಜಲಜನಕದ ಜಾಗದಲ್ಲಿ ಇಂಗಾಲದ ಗುಂಪುಗಳನ್ನು ಕೂರಿಸಿದರೆ ಪೂರ್ತಿ ಬೇರೆಯೇ ವಸ್ತು ಸಿಗುತ್ತದೆ. ಮೂರು ಬೆಂಜೀನ್ ಉಂಗುರ ಕೂರಿಸಿದರೆ ಟ್ರೈಫೀನೈಲ್‌ಫಾಸ್ಫೀನ್. ಅದು ಅನಿಲ ಅಲ್ಲ, ಬಿಳಿ ಹರಳು, ಸುಮಾರು 80 ಡಿಗ್ರಿಗೆ ಕರಗುತ್ತದೆ. ಪ್ರಯೋಗಾಲಯಗಳಲ್ಲಿ ಇದು ದಿನಬಳಕೆಯ ವಸ್ತು.

ಮೂರು ಕೈ ಬಳಸಿದ ಮೇಲೂ ರಂಜಕದ ಹತ್ತಿರ ಒಂದು ಜೋಡಿ ಎಲೆಕ್ಟ್ರಾನ್ ಖಾಲಿ ಕೂತಿರುತ್ತದೆ. ಅದನ್ನೇ ಲೋಹಕ್ಕೆ ಚಾಚಿ ಹಿಡಿದುಕೊಳ್ಳುತ್ತದೆ. ಸಾರಜನಕವೂ ಹೀಗೆ ಮಾಡಬಲ್ಲದು, ಆದರೆ ರಂಜಕಕ್ಕೆ ಇನ್ನೊಂದು ಗುಣವಿದೆ. ಲೋಹದ ಬಳಿ ಎಲೆಕ್ಟ್ರಾನ್ ಜಾಸ್ತಿಯಾದರೆ ಸ್ವಲ್ಪ ವಾಪಸ್ ಇಸಿದುಕೊಳ್ಳುತ್ತದೆ. ಕೊಡುವುದೂ ಗೊತ್ತು, ತೆಗೆದುಕೊಳ್ಳುವುದೂ ಗೊತ್ತು. ಹಾಗಾಗಿ ರೋಡಿಯಂ, ಪಲ್ಲಾಡಿಯಂ, ರುಥೇನಿಯಂನಂಥ ಲೋಹಗಳು ಇದರ ಜೊತೆ ನೆಮ್ಮದಿಯಾಗಿರುತ್ತವೆ.

ಇನ್ನೊಂದು ಗುಣ ಗಾತ್ರ. ರಂಜಕದ ಮೂರು ಕೈಗಳು ಬಿಚ್ಚಿದ ಕೊಡೆಯ ಹಾಗೆ ಹರಡಿಕೊಂಡಿರುತ್ತವೆ. ಆ ಕೊಡೆ ಎಷ್ಟು ಅಗಲ ಅಂತ ಅಳೆಯುವ ವಿಧಾನವನ್ನು ಚಾಡ್ವಿಕ್ ಟೋಲ್ಮನ್ 1970ರಲ್ಲಿ ಕೊಟ್ಟರು. ಲೋಹದ ಕಡೆಯಿಂದ ನೋಡಿದರೆ ಲಿಗ್ಯಾಂಡ್ ಎಷ್ಟು ಡಿಗ್ರಿ ಜಾಗ ಆಕ್ರಮಿಸುತ್ತದೆ ಅನ್ನೋದೇ ಅಳತೆ. ಟ್ರೈಫೀನೈಲ್‌ಫಾಸ್ಫೀನ್‌ಗೆ 145 ಡಿಗ್ರಿ, ಮೂರು ಪುಟ್ಟ ಮೀಥೈಲ್ ಗುಂಪಿರುವ ಫಾಸ್ಫೀನ್‌ಗೆ 118. ಕೊಡೆ ಅಗಲವಾದಷ್ಟೂ ಲೋಹದ ಹತ್ತಿರ ಬೇರೆಯವರಿಗೆ ಜಾಗ ಕಮ್ಮಿ. ಜಾಗ ಕಮ್ಮಿಯಾಗುವುದು ಕೆಟ್ಟದ್ದು ಅಂತ ಅಂದುಕೊಳ್ಳಬೇಡಿ. ಎಷ್ಟೋ ಸಲ ನಮಗೆ ಬೇಕಾದ್ದೇ ಅದು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಎಲ್ಲ ಸರಿ, ಆದರೆ ಟ್ರೈಫೀನೈಲ್‌ಫಾಸ್ಫೀನ್‌ಗೂ ನೀರಿಗೂ ಆಗಿಬರುವುದಿಲ್ಲ. ಮೂರು ಬೆಂಜೀನ್ ಉಂಗುರಗಳೂ ಎಣ್ಣೆಯ ಜಾತಿಯವು. ನೀರಿಗೆ ಹಾಕಿ ಎಷ್ಟು ಕಲಕಿದರೂ ಬಿಳಿ ಪುಡಿ ಪುಡಿಯಾಗಿಯೇ ಇರುತ್ತದೆ.

## ನೀರೇ ಯಾಕೆ ಬೇಕು?

ಈ ಪ್ರಶ್ನೆಗೆ ಉತ್ತರ ವೇಗವರ್ಧಕಗಳಲ್ಲಿದೆ. ವೇಗವರ್ಧಕ ಅಂದರೆ ಕ್ರಿಯೆಯನ್ನು ಬೇಗ ನಡೆಸಿಕೊಟ್ಟು ತಾನು ಖರ್ಚಾಗದೆ ಉಳಿಯುವ ವಸ್ತು. ಫಾಸ್ಫೀನ್ ಹಿಡಿದ ರೋಡಿಯಂ ಇಂಥ ಕೆಲಸದಲ್ಲಿ ಪಳಗಿದ ಕೈ. ಟೊಲೀನ್‌ನಂಥ ದ್ರಾವಕದಲ್ಲಿ ಕರಗಿ, ಪ್ರತಿಯೊಂದು ಅಣುವನ್ನೂ ಹಿಡಿದು ಕೆಲಸ ಮುಗಿಸುತ್ತದೆ.

ತೊಂದರೆ ಶುರುವಾಗುವುದು ಕೆಲಸ ಮುಗಿದ ಮೇಲೆ. ಬೇಕಾದ ಸರಕು ಅದೇ ದ್ರಾವಣದಲ್ಲಿದೆ, ರೋಡಿಯಂ ಕೂಡ ಅಲ್ಲೇ ಇದೆ. ಬೇರ್ಪಡಿಸುವುದು ಹೇಗೆ? ಕಾಯಿಸಿ ಬಟ್ಟಿ ಇಳಿಸಬಹುದು. ಸರಕು ಹಗುರವಾಗಿದ್ದರೆ ಇದು ನಡೆಯುತ್ತದೆ, ನಡೆಸುತ್ತಲೂ ಇದ್ದಾರೆ. ಆದರೆ ಕಾಯಿಸಿದಷ್ಟೂ ವೇಗವರ್ಧಕ ಬಳಲುತ್ತದೆ, ಸರಕು ಭಾರವಾದಷ್ಟೂ ಜಾಸ್ತಿ ಕಾಯಿಸಬೇಕಾಗುತ್ತದೆ. ರೋಡಿಯಂ ಭೂಮಿಯ ಮೇಲೆ ಅತಿ ಅಪರೂಪದ ಲೋಹಗಳಲ್ಲೊಂದು. ಪ್ರತಿ ಸಲವೂ ಚೂರು ಚೂರು ಕಳೆದುಕೊಂಡರೆ ಕಾರ್ಖಾನೆಯ ಲೆಕ್ಕವೇ ತಪ್ಪುತ್ತದೆ. ಔಷಧಿ ತಯಾರಿಕೆಯಲ್ಲಿ ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಮಾತ್ರೆಯೊಳಗೆ ಲೋಹದ ಚೂರು ಉಳಿಯಲೇಬಾರದು.

ಈಗ ಎಣ್ಣೆ ಮತ್ತು ನೀರನ್ನು ಒಂದೇ ಬಾಟಲಿಯಲ್ಲಿ ಹಾಕಿ ಕುಲುಕಿದ್ದನ್ನು ನೆನಪಿಸಿಕೊಳ್ಳಿ. ಕುಲುಕುವಷ್ಟು ಹೊತ್ತು ಎರಡೂ ಬೆರೆಯುತ್ತವೆ. ಕೆಳಗಿಟ್ಟರೆ ಎಣ್ಣೆ ಮೇಲೆ, ನೀರು ಕೆಳಗೆ. ವೇಗವರ್ಧಕ ನೀರಲ್ಲಿದ್ದು ಸರಕು ಎಣ್ಣೆಯಂಥದ್ದಾದರೆ? ಕುಲುಕುವಾಗ ಎರಡೂ ಭೇಟಿಯಾಗುತ್ತವೆ, ಕ್ರಿಯೆ ನಡೆಯುತ್ತದೆ. ನಿಲ್ಲಿಸಿದರೆ ಸರಕು ಮೇಲೆ ತೇಲುತ್ತದೆ, ರೋಡಿಯಂ ಕೆಳಗೆ ನೀರಲ್ಲಿ ಉಳಿಯುತ್ತದೆ. ಮೇಲಿನದನ್ನು ತೆಗೆದುಕೊಂಡು ಕೆಳಗಿನದನ್ನು ಮತ್ತೆ ಕೆಲಸಕ್ಕೆ ಹಚ್ಚಬಹುದು. ಬಟ್ಟಿ ಇಳಿಸುವ ಗೋಜೇ ಇಲ್ಲ.

ಹೀಗೆ ಮಾಡಬೇಕಾದರೆ ಲೋಹ ನೀರು ಬಿಟ್ಟು ಕದಲಬಾರದು. ಲೋಹವನ್ನು ಅಲ್ಲಿ ಹಿಡಿದಿಡುವವನು ಲಿಗ್ಯಾಂಡ್. ಹಾಗಾದರೆ ನೀರಿನ ಜೊತೆ ಸ್ನೇಹ ಬೆಳೆಸಬೇಕಾದವನೂ ಅವನೇ.

ಇಲ್ಲೊಂದು ಅನುಮಾನ ಬರಬೇಕು. ನೀರೇ ಒಂದು ಲಿಗ್ಯಾಂಡ್ ಅಂದೆನಲ್ವಾ? ಹಾಗಿದ್ದರೆ ಫಾಸ್ಫೀನನ್ನು ತಳ್ಳಿ ನೀರೇ ಲೋಹವನ್ನು ಹಿಡಿದುಕೊಳ್ಳುವುದಿಲ್ವಾ? ಲೆಕ್ಕ ನೋಡಿದರೆ ಹೆದರಿಕೆಯೇ ಆಗುತ್ತದೆ. ಒಂದು ಲೀಟರ್ ನೀರಲ್ಲಿ ನೀರಿನ ಅಣುಗಳೇ 55 ಮೋಲ್‌ನಷ್ಟಿವೆ (ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಲೆಕ್ಕ ಮೋಲ್). ಅದಕ್ಕೆ ಒಂದು ಮೋಲ್‌ನ ನೂರನೇ ಒಂದು ಭಾಗ ಫಾಸ್ಫೀನ್ ಹಾಕಿದರೆ, ಪ್ರತಿ ಫಾಸ್ಫೀನ್‌ಗೆ ಎದುರಾಳಿಯಾಗಿ ಸುಮಾರು 5,500 ನೀರಿನ ಅಣು. ಆದರೂ ರೋಡಿಯಂ ಫಾಸ್ಫೀನನ್ನೇ ಆರಿಸಿಕೊಳ್ಳುತ್ತದೆ. ಇದಕ್ಕೆ ಕಾರಣವನ್ನು ರಾಲ್ಫ್ ಪಿಯರ್ಸನ್ 1963ರಲ್ಲಿ ಸರಳವಾಗಿ ಹೇಳಿದರು. ಲೋಹಗಳಲ್ಲಿ 'ಗಟ್ಟಿ' ಮತ್ತು 'ಮೃದು' ಅಂತ ಎರಡು ಬಗೆ, ಲಿಗ್ಯಾಂಡ್‌ಗಳಲ್ಲೂ ಹಾಗೆಯೇ. ಗಟ್ಟಿಯದಕ್ಕೆ ಗಟ್ಟಿಯದು ಸೇರುತ್ತದೆ, ಮೃದುವಿಗೆ ಮೃದು. ನೀರಿನ ಆಮ್ಲಜನಕ ಗಟ್ಟಿ, ಫಾಸ್ಫೀನ್‌ನ ರಂಜಕ ಮೃದು. ಫಾಸ್ಫೀನ್ ಜೊತೆ ಕೆಲಸ ಮಾಡುವ ಹೊತ್ತಿನ ರೋಡಿಯಂ, ಪಲ್ಲಾಡಿಯಂ ಕೂಡ ಮೃದು. ಸುತ್ತ ಸಾವಿರಾರು ಜನ ಇದ್ದರೂ ತನಗೆ ಒಗ್ಗುವವರ ಕೈಯನ್ನೇ ಹುಡುಕಿ ಹಿಡಿಯುತ್ತದೆ.

## ಬಾಲ ಕಟ್ಟುವ ಉಪಾಯ

ಬಟ್ಟೆ ಒಗೆಯುವ ಪುಡಿ ನೀರಲ್ಲಿ ಕರಗುತ್ತದೆ, ಎಣ್ಣೆ ಜಿಡ್ಡನ್ನೂ ಹಿಡಿಯುತ್ತದೆ. ಅದರಲ್ಲಿರುವ ಡಿಟರ್ಜೆಂಟಿನ ಒಂದು ತುದಿಯಲ್ಲಿ ಸಾಮಾನ್ಯವಾಗಿ ಸಲ್ಫೋನೇಟ್ ಅನ್ನೋ ಗುಂಪು ಇರುತ್ತದೆ. ಒಂದು ಗಂಧಕ, ಮೂರು ಆಮ್ಲಜನಕ, ಮೇಲೊಂದು ಮೈನಸ್ ಚಾರ್ಜ್. ನೀರಿಗೆ ಚಾರ್ಜ್ ಇರುವ ವಸ್ತು ಅಂದರೆ ಬಹಳ ಇಷ್ಟ, ಸುತ್ತಲೂ ಮುತ್ತಿಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಇದೇ ಸಲ್ಫೋನೇಟನ್ನು ಟ್ರೈಫೀನೈಲ್‌ಫಾಸ್ಫೀನ್‌ನ ಬೆಂಜೀನ್ ಉಂಗುರಕ್ಕೆ ಕಟ್ಟಿದರೆ ಹೇಗೆ?

1958ರಲ್ಲಿ ಆರ್ಲ್ಯಾಂಡ್, ಚ್ಯಾಟ್ ಮತ್ತು ಸಂಗಡಿಗರು ಮೂರು ಉಂಗುರಗಳಲ್ಲಿ ಒಂದಕ್ಕೆ ಇದನ್ನು ಕಟ್ಟಿದ ವಿಧಾನ ಪ್ರಕಟಿಸಿದರು. ಇದಕ್ಕೆ ಟಿಪಿಪಿಎಂಎಸ್ ಅಂತ ಕರೆಯುತ್ತಾರೆ. ಅವರಿಗೆ ಕಾರ್ಖಾನೆಯ ಯೋಚನೆ ಇರಲಿಲ್ಲ, ನೀರಿನಲ್ಲಿ ಲೋಹಗಳು ಫಾಸ್ಫೀನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಅಂತ ಅಳೆಯಬೇಕಿತ್ತು. 1970ರ ದಶಕದಲ್ಲಿ ಹಂಗೇರಿಯ ಡೆಬ್ರೆಸೆನ್‌ನಲ್ಲಿ ಫೆರೆಂಕ್ ಯೋ ಮತ್ತು ಜೊತೆಗಾರರು ಇದೇ ಲಿಗ್ಯಾಂಡ್ ಹಾಕಿ ನೀರಿನಲ್ಲೇ ಹೈಡ್ರೋಜನೀಕರಣ, ಅಂದರೆ ಅಣುವಿಗೆ ಜಲಜನಕ ಸೇರಿಸುವ ಕ್ರಿಯೆ, ನಡೆಸಿ ತೋರಿಸಿದರು. ಅದೇ ದಶಕದ ನಡುವಿನಲ್ಲಿ ಫ್ರಾನ್ಸಿನ ರೋನ್-ಪೂಲೆಂಕ್ ಕಂಪನಿಯ ಎಮಿಲ್ ಕುಂಟ್ಸ್ ಮೂರಕ್ಕೆ ಮೂರೂ ಉಂಗುರಗಳಿಗೆ ಸಲ್ಫೋನೇಟ್ ಕಟ್ಟಿದರು. ಅದೇ ಟಿಪಿಪಿಟಿಎಸ್. ಅದರ ಸೋಡಿಯಂ ಲವಣ ಒಂದು ಲೀಟರ್ ನೀರಿಗೆ ಸುಮಾರು 1.1 ಕಿಲೋ ಕರಗುತ್ತದೆ. ನೀರಿನ ತೂಕಕ್ಕಿಂತ ಕರಗಿದ್ದರ ತೂಕವೇ ಜಾಸ್ತಿ! ಮುಂಚೆ ಒಂದು ಚಿಟಿಕೆಯೂ ಕರಗದಿದ್ದ ವಸ್ತು ಇದು.

ಇದನ್ನು ಮಾಡುವ ವಿಧಾನ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೇಕಾದ್ದು ಓಲಿಯಂ, ಅಂದರೆ ಹೊಗೆಯಾಡುವ ಗಂಧಕಾಮ್ಲ. ಭಯಂಕರ ವಸ್ತು. ಸಿಕ್ಕಿದ್ದನ್ನೆಲ್ಲ ಉತ್ಕರ್ಷಿಸುವ, ಅಂದರೆ ಎಲೆಕ್ಟ್ರಾನ್ ಕಿತ್ತುಕೊಳ್ಳುವ, ಇದರೊಳಗೆ ಫಾಸ್ಫೀನ್ ಹಾಕಿದರೆ ರಂಜಕ ಹಾಳಾಗಬೇಕಿತ್ತು. ಅದಕ್ಕೇ ಮೊದಲು ಬರೀ ಗಂಧಕಾಮ್ಲದಲ್ಲಿ ಫಾಸ್ಫೀನನ್ನು ಕರಗಿಸುತ್ತಾರೆ. ಆಮ್ಲದ ಪ್ರೋಟಾನ್ ಹೋಗಿ ರಂಜಕದ ಆ ಖಾಲಿ ಎಲೆಕ್ಟ್ರಾನ್ ಜೋಡಿಯ ಮೇಲೆ ಕೂರುತ್ತದೆ. ಬಾಗಿಲಿಗೆ ಚಿಲಕ ಬಿದ್ದ ಹಾಗೆ. ಆಮೇಲೆ ಓಲಿಯಂ ಹಾಕಿದರೂ ರಂಜಕಕ್ಕೆ ಏಟು ಬೀಳುವುದು ಕಡಿಮೆ.

ಆ ಚಿಲಕದಿಂದ ಇನ್ನೊಂದು ಕೆಲಸವೂ ಆಗುತ್ತದೆ. ಪ್ರೋಟಾನ್ ಕೂತ ರಂಜಕಕ್ಕೆ ಪ್ಲಸ್ ಚಾರ್ಜ್ ಬಂದಿರುತ್ತದೆ. ಅದು ಉಂಗುರದಿಂದ ಎಲೆಕ್ಟ್ರಾನ್ ಎಳೆಯುತ್ತದೆ, ಅದರಲ್ಲೂ ತನ್ನ ಪಕ್ಕದ ಜಾಗ ಮತ್ತು ನೇರ ಎದುರಿನ ಜಾಗದಿಂದ ಜಾಸ್ತಿ. ಉಳಿದ ಜಾಗ ಒಂದೇ, ಒಂದು ಬಿಟ್ಟು ಆಚೆಯದ್ದು, ಮೆಟಾ ಅಂತ ಅದರ ಹೆಸರು. ಸಲ್ಫೋನೇಟ್ ಅಲ್ಲೇ ಹೋಗಿ ಕೂರುತ್ತದೆ. ಹೀಗಾಗಿ ಮೂರು ಉಂಗುರಗಳಲ್ಲೂ ಒಂದೇ ಜಾಗ, ಎಲ್ಲೆಂದರಲ್ಲಿ ಅಲ್ಲ. ಕೊನೆಗೆ ಕ್ಷಾರ ಹಾಕಿ ಆಮ್ಲ ಕಳೆದರೆ ಚಿಲಕ ತೆಗೆದ ಹಾಗೆ, ಎಲೆಕ್ಟ್ರಾನ್ ಜೋಡಿ ಮತ್ತೆ ಲೋಹ ಹಿಡಿಯಲು ಸಿದ್ಧ.

ಬಾಲಕ್ಕೆ ಸಲ್ಫೋನೇಟೇ ಆಗಬೇಕು ಅಂತೇನಿಲ್ಲ. ಕಾರ್ಬಾಕ್ಸಿಲೇಟ್ ಕಟ್ಟಬಹುದು, ಹೈಡ್ರಾಕ್ಸಿ ಗುಂಪು ಕಟ್ಟಬಹುದು, ಪ್ಲಸ್ ಚಾರ್ಜಿನ ಅಮೋನಿಯಂ ಕಟ್ಟಬಹುದು. ಆದರೆ ಕಾರ್ಬಾಕ್ಸಿಲೇಟ್ ಆಮ್ಲೀಯ ನೀರಲ್ಲಿ ಚಾರ್ಜ್ ಕಳೆದುಕೊಂಡು ಕರಗದೆ ಕೂರಬಹುದು. ಸಲ್ಫೋನೇಟ್ ಹಾಗಲ್ಲ, ನೀರು ಆಮ್ಲವೋ ಕ್ಷಾರವೋ, ಅದರ ಚಾರ್ಜ್ ಹೋಗುವುದಿಲ್ಲ. ಕಾರ್ಖಾನೆಯವರು ಅದನ್ನೇ ನೆಚ್ಚಿಕೊಂಡಿದ್ದು ಸುಮ್ನೆ ಅಲ್ಲ.

## ಓಬರ್‌ಹೌಸೆನ್‌ನ ಟ್ಯಾಂಕ್

ಜರ್ಮನಿಯ ಓಬರ್‌ಹೌಸೆನ್‌ನಲ್ಲಿ ರೂರ್‌ಖೆಮಿ ಅಂತ ಒಂದು ಕಂಪನಿ ಇತ್ತು. ಅಲ್ಲೇ 1938ರಲ್ಲಿ ಒಟ್ಟೊ ರೋಲನ್ ಒಂದು ಕ್ರಿಯೆ ಕಂಡುಹಿಡಿದಿದ್ದರು. ಆಲ್ಕೀನ್‌ಗೆ (ಎರಡು ಇಂಗಾಲಗಳ ನಡುವೆ ಜೋಡಿ ಬಂಧ ಇರುವ ಅಣು) ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕ ಸೇರಿಸಿದರೆ ಒಂದು ಇಂಗಾಲ ಜಾಸ್ತಿ ಇರುವ ಆಲ್ಡಿಹೈಡ್ ಸಿಗುತ್ತದೆ. ಹೈಡ್ರೋಫಾರ್ಮೈಲೇಷನ್ ಅಂತ ಅದರ ಹೆಸರು. ಮೂರು ಇಂಗಾಲದ ಪ್ರೊಪೀನ್ ಅನ್ನೋ ಆಲ್ಕೀನ್‌ನಿಂದ ನಾಲ್ಕು ಇಂಗಾಲದ ಬ್ಯೂಟನಾಲ್ (butanal) ಅನ್ನೋ ಆಲ್ಡಿಹೈಡ್. ಬ್ಯೂಟನಾಲ್‌ನಿಂದ ಮುಂದೆ ಪೇಂಟಿನ ದ್ರಾವಕಗಳು, ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ವಸ್ತುಗಳು ಆಗುತ್ತವೆ. ನಿಮ್ಮ ಸುತ್ತ ಇರುವ ಬಾಗುವ ಪ್ಲಾಸ್ಟಿಕ್ ವಸ್ತುಗಳಲ್ಲಿ ಎಷ್ಟೋ ಈ ದಾರಿಯಲ್ಲಿ ಬಂದವು.

ಕುಂಟ್ಸ್ ಅವರ ಲಿಗ್ಯಾಂಡ್ ಹಿಡಿದುಕೊಂಡು ರೂರ್‌ಖೆಮಿ ಮತ್ತು ರೋನ್-ಪೂಲೆಂಕ್ ಕೈಜೋಡಿಸಿದವು. 1984ರಲ್ಲಿ ಅದೇ ಓಬರ್‌ಹೌಸೆನ್‌ನಲ್ಲಿ ಘಟಕ ಶುರುವಾಯಿತು, ವರ್ಷಕ್ಕೆ 1,00,000 ಟನ್ ಸಾಮರ್ಥ್ಯದ್ದು. ಲಿಗ್ಯಾಂಡ್‌ನ ಮೊದಲ ಪೇಟೆಂಟ್ ಆಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ.

ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಕಲಕುತ್ತಿರುವ ದೊಡ್ಡ ಟ್ಯಾಂಕಿನಲ್ಲಿ ನೀರಿದೆ, ನೀರಲ್ಲಿ ಟಿಪಿಪಿಟಿಎಸ್ ಹಿಡಿದ ರೋಡಿಯಂ ಇದೆ. ಸುಮಾರು 120 ಡಿಗ್ರಿ ಬಿಸಿ, ವಾತಾವರಣಕ್ಕಿಂತ ಸುಮಾರು 50 ಪಟ್ಟು ಒತ್ತಡ. ತಳದಿಂದ ಪ್ರೊಪೀನ್ ಮತ್ತು ಆ ಎರಡು ಅನಿಲಗಳು ಗುಳ್ಳೆಗುಳ್ಳೆಯಾಗಿ ಬರುತ್ತವೆ. ಒಂದೊಂದು ರೋಡಿಯಂ ಪರಮಾಣುವಿನ ಸುತ್ತಲೂ ಒಂದು ಜಲಜನಕ, ಒಂದು ಕಾರ್ಬನ್ ಮೊನಾಕ್ಸೈಡ್, ಮೂರು ದೊಡ್ಡ ಫಾಸ್ಫೀನ್ ಕೊಡೆಗಳು. ಒಂದು ಕೊಡೆ ಸರಿದು ಜಾಗ ಬಿಟ್ಟಾಗ ಪ್ರೊಪೀನ್ ಒಳಗೆ ನುಸುಳುತ್ತದೆ. ಜಾಗ ಇಕ್ಕಟ್ಟು. ಹಾಗಾಗಿ ಅದು ಮಧ್ಯದ ಇಂಗಾಲದಿಂದ ಅಂಟಿಕೊಳ್ಳಲು ಹೋದರೆ ಒತ್ತುತ್ತದೆ, ತುದಿಯ ಇಂಗಾಲದಿಂದ ಅಂಟಿಕೊಂಡರೆ ಸಲೀಸು. ತುದಿಯಿಂದ ಅಂಟಿದರೆ ಸಿಗುವುದು ನೆಟ್ಟಗಿನ ಬ್ಯೂಟನಾಲ್, ಮಾರುಕಟ್ಟೆಗೆ ಬೇಕಾದ್ದೂ ಅದೇ. ಈ ಘಟಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೆಟ್ಟಗಿನದೇ ಬರುತ್ತದೆ. ಕೊಡೆ ಅಗಲವಾಗಿರುವುದು ಎಷ್ಟೋ ಸಲ ಒಳ್ಳೆಯದು ಅಂದಿದ್ದು ಇದಕ್ಕೇ.

ಟ್ಯಾಂಕಿನಿಂದ ಹೊರಬಂದ ಮಿಶ್ರಣ ಇನ್ನೊಂದು ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ. ಬ್ಯೂಟನಾಲ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಮೇಲಿನ ಪದರ ಮಾರಾಟದ ದಾರಿಗೆ, ಕೆಳಗಿನ ನೀರು ವಾಪಸ್ ಟ್ಯಾಂಕಿಗೆ. ಬ್ಯೂಟನಾಲ್ ಜೊತೆ ತಪ್ಪಿಸಿಕೊಂಡು ಹೋಗುವ ರೋಡಿಯಂ ನೂರು ಕೋಟಿ ಭಾಗಕ್ಕೆ ಇಷ್ಟು ಅಂತ ಎಣಿಸುವಷ್ಟು ಚೂರು. ಕ್ರಿಯೆಯಲ್ಲಿ ಹುಟ್ಟುವ ಶಾಖವನ್ನೂ ಬಿಡುವುದಿಲ್ಲ, ಅದರಿಂದಲೇ ಹಬೆ ಮಾಡಿಕೊಳ್ಳುತ್ತಾರೆ. ನೀರಿನ ನಂಟು ಕಟ್ಟಿದ್ದಕ್ಕೆ ಇಷ್ಟು ಲಾಭ.

## ಎಲ್ಲ ಕಡೆ ಯಾಕೆ ಇದನ್ನೇ ಬಳಸುವುದಿಲ್ಲ?

ಯಾಕೆಂದರೆ ಪ್ರೊಪೀನ್‌ಗೆ ಸಿಕ್ಕ ಅದೃಷ್ಟ ಎಲ್ಲರಿಗೂ ಇಲ್ಲ. ವೇಗವರ್ಧಕ ನೀರಲ್ಲಿದೆ, ಹಾಗಾಗಿ ಆಲ್ಕೀನ್ ಕೂಡ ನೀರಿನ ಹತ್ತಿರ ಒಂಚೂರಾದರೂ ಬರಬೇಕು. ಪ್ರೊಪೀನ್ ಲೀಟರಿಗೆ ಸುಮಾರು 200 ಮಿಲಿಗ್ರಾಂ ಕರಗುತ್ತದೆ, ಕಮ್ಮಿಯೇ, ಆದರೆ ಸಾಕು. ಎಂಟು ಇಂಗಾಲದ ಆಕ್ಟೀನ್ ಕರಗುವುದು ಲೀಟರಿಗೆ ಕೆಲವೇ ಮಿಲಿಗ್ರಾಂ. ಎಷ್ಟು ಕಲಕಿದರೂ ಭೇಟಿ ಅಪರೂಪ, ಕ್ರಿಯೆ ಆಮೆಯ ನಡಿಗೆ.

ಸಾಬೂನಿನಂಥ ಲಿಗ್ಯಾಂಡ್ ಹಾಕಿದರೆ? ಒಂದೇ ಬಾಲ ಇರುವ ಟಿಪಿಪಿಎಂಎಸ್ ಹೆಚ್ಚುಕಡಿಮೆ ಹಾಗೇ ಇದೆ, ಒಂದು ಕಡೆ ನೀರಿನ ತುದಿ, ಉಳಿದದ್ದು ಎಣ್ಣೆ. ಎರಡನ್ನೂ ಚೆನ್ನಾಗಿ ಬೆರೆಸುತ್ತದೆ ಅನ್ನೋದೇನೋ ನಿಜ. ಆಮೇಲೆ ನೊರೆಯೆದ್ದು ಪದರಗಳು ಬೇರೆಯಾಗುವುದೇ ಇಲ್ಲ! ಯಾವ ಅನುಕೂಲಕ್ಕಾಗಿ ನೀರಿಗೆ ಬಂದೆವೋ ಅದೇ ಕೈಬಿಡುತ್ತದೆ. ಇನ್ನೊಂದು ದಾರಿ ಸೈಕ್ಲೋಡೆಕ್ಸ್‌ಟ್ರಿನ್, ಪಿಷ್ಟದಿಂದ ಮಾಡುವ ಬಟ್ಟಲಿನಾಕಾರದ ಅಣು. ಹೊರಮೈ ನೀರಿಗೆ ಇಷ್ಟ, ಒಳಮೈ ಎಣ್ಣೆಗೆ ಇಷ್ಟ. ಆಕ್ಟೀನನ್ನು ಒಳಗೆ ಕೂರಿಸಿಕೊಂಡು ದೋಣಿಯ ಹಾಗೆ ನೀರಿಗೆ ತಂದು ಬಿಡುತ್ತದೆ. ಫ್ರಾನ್ಸಿನಲ್ಲಿ ಎರಿಕ್ ಮೊನ್‌ಫ್ಲಿಯೆ ಅವರ ತಂಡ ಇದರ ಮೇಲೆ ಬಹಳ ಕೆಲಸ ಮಾಡಿದೆ.

## ಗೂಡಿನಂಥ ಪಿಟಿಎ

ಬಾಲ ಕಟ್ಟದೆಯೇ ನೀರಲ್ಲಿ ಕರಗುವ ಫಾಸ್ಫೀನ್ ಒಂದಿದೆ. 1974ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ ಡೊನಾಲ್ಡ್ ಡೇಗಲ್ ಮತ್ತು ಜೊತೆಗಾರರು ಅದನ್ನು ವರದಿ ಮಾಡಿದರು. ಹತ್ತಿ ಬಟ್ಟೆಗೆ ಬೆಂಕಿ ಹತ್ತದ ಹಾಗೆ ಮಾಡುವ ರಂಜಕದ ರಾಸಾಯನಿಕಗಳು ಅಲ್ಲಿ ಮೊದಲಿಂದ ಬಳಕೆಯಲ್ಲಿದ್ದವು. ಅಂಥದ್ದೇ ಒಂದು ರಾಸಾಯನಿಕಕ್ಕೆ ಫಾರ್ಮಾಲ್ಡಿಹೈಡ್ ಮತ್ತು ಹೆಕ್ಸಮೀನ್ ಸೇರಿಸಿದರೆ ಪಿಟಿಎ ಸಿಗುತ್ತದೆ.

ಇದರ ಆಕಾರ ಪುಟ್ಟ ಪಂಜರದಂತೆ. ಒಂದು ಮೂಲೆಯಲ್ಲಿ ರಂಜಕ, ಇನ್ನು ಮೂರು ಮೂಲೆಗಳಲ್ಲಿ ಸಾರಜನಕ, ನಡುವೆ ಇಂಗಾಲದ ಸೇತುವೆಗಳು. ಲೋಹ ಹಿಡಿಯುವುದು ರಂಜಕ, ನೀರಿನ ಕೈ ಹಿಡಿಯುವುದು ಸಾರಜನಕಗಳು. ಚಾರ್ಜ್ ಇಲ್ಲ, ಬಾಲ ಇಲ್ಲ, ಆದರೂ ಲೀಟರಿಗೆ ಸುಮಾರು 235 ಗ್ರಾಂ ಕರಗುತ್ತದೆ. ಕೊಡೆ ಬಹಳ ಚಿಕ್ಕದು, ಒಂದೇ ಲೋಹದ ಸುತ್ತ ನಾಲ್ಕು ಪಿಟಿಎ ಆರಾಮಾಗಿ ಕೂರಬಲ್ಲವು. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಗೆ ಇದು ಸುಲಭಕ್ಕೆ ಹಾಳಾಗುವುದಿಲ್ಲ. ಯಾಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ ಅಂದರೆ, ಉಳಿದವರ ಕಥೆ ಹಾಗಿಲ್ಲ.

## ಗಾಳಿಯ ಕಾಟ

ರಂಜಕದ ಆ ಎಲೆಕ್ಟ್ರಾನ್ ಜೋಡಿ ಲೋಹಕ್ಕೆ ಎಷ್ಟು ಪ್ರಿಯವೋ ಆಮ್ಲಜನಕಕ್ಕೂ ಅಷ್ಟೇ ಪ್ರಿಯ. ಆಮ್ಲಜನಕ ಬಂದು ಅಂಟಿದರೆ ಅದು ಫಾಸ್ಫೀನ್ ಆಕ್ಸೈಡ್. ಆ ಬಂಧ ಬಹಳ ಗಟ್ಟಿ, ಸುಲಭಕ್ಕೆ ಬಿಡಿಸಲಾಗದು. ಎಲೆಕ್ಟ್ರಾನ್ ಜೋಡಿ ಹೋಯಿತು ಅಂದರೆ ಹಿಡಿಯುವ ಶಕ್ತಿಯೂ ಹೋಯಿತು.

ಒಮ್ಮೆ ನಾನು ಪಲ್ಲಾಡಿಯಂ ಲವಣ ಮತ್ತು ಟಿಪಿಪಿಟಿಎಸ್ ಸೇರಿಸಿದ ಹಳದಿ ದ್ರಾವಣ ಮಾಡಿಟ್ಟಿದ್ದೆ. ನೀರಿನಲ್ಲಿ ಕರಗಿದ್ದ ಗಾಳಿಯನ್ನು ಸರಿಯಾಗಿ ತೆಗೆದಿರಲಿಲ್ಲ, ಮುಚ್ಚಳವೂ ಪೂರ್ತಿ ಬಿಗಿಯಾಗಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ದ್ರಾವಣದ ಬಣ್ಣ ಇಳಿದುಹೋಗಿತ್ತು, ಫ್ಲಾಸ್ಕಿನ ತಳದಲ್ಲಿ ಕಪ್ಪು ಪುಡಿ ಕೂತಿತ್ತು. ಕೈಬಿಟ್ಟುಹೋದ ಪಲ್ಲಾಡಿಯಂ ಅದು. ಹಿಡಿದವರೆಲ್ಲ ಆಕ್ಸೈಡ್ ಆದ ಮೇಲೆ ಲೋಹದ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡು ಕೆಳಗೆ ಬಿದ್ದಿದ್ದವು. ಒಂದು ವಾರದ ಕೆಲಸ ಆ ಕಪ್ಪು ಪುಡಿಯಲ್ಲಿತ್ತು. ಬಹಳ ಬೇಜಾರಾಗಿತ್ತು.

ಹೀಗೆ ಆಗಿದೆಯಾ ಅಂತ ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ, ರಂಜಕದ ಎನ್‌ಎಂಆರ್. ದೊಡ್ಡ ಅಯಸ್ಕಾಂತದೊಳಗೆ ದ್ರಾವಣದ ಸಣ್ಣ ಗಾಜಿನ ಕೊಳವೆ ಇಟ್ಟು ರೇಡಿಯೋ ಅಲೆ ಬಿಟ್ಟರೆ, ರಂಜಕದ ಪರಮಾಣು ತಾನು ಎಂಥ ಜಾಗದಲ್ಲಿದ್ದೇನೆ ಅಂತ ತಿಳಿಸುತ್ತದೆ. ಪ್ರಕೃತಿಯಲ್ಲಿ ಸಿಗುವ ರಂಜಕವೆಲ್ಲ ಒಂದೇ ಐಸೋಟೋಪ್ (ಒಂದೇ ತೂಕದ ಪರಮಾಣು) ಆಗಿರುವುದರಿಂದ ಸಂಕೇತ ಸ್ಪಷ್ಟ. ಒಳ್ಳೆಯ ಟಿಪಿಪಿಟಿಎಸ್ ಆದರೆ ಅಳತೆಪಟ್ಟಿಯಲ್ಲಿ ಸುಮಾರು ಮೈನಸ್ 5ರ ಹತ್ತಿರ ಗೆರೆ ಏಳುತ್ತದೆ. ಆಕ್ಸೈಡ್ ಆದರೆ ಸುಮಾರು 35ರ ಹತ್ತಿರ. ಲೋಹಕ್ಕೆ ಅಂಟಿದ್ದರೆ ಇನ್ನೆಲ್ಲೋ. ಆವತ್ತು ನನ್ನ ಕೊಳವೆಯಲ್ಲಿ 35ರ ಹತ್ತಿರದ ಗೆರೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಅದಕ್ಕೇ ಈ ಕೆಲಸ ಮಾಡುವವರು ನೀರಿನೊಳಗೆ ಸಾರಜನಕ ಅಥವಾ ಆರ್ಗಾನ್ ಗುಳ್ಳೆ ಬಿಟ್ಟು ಮೊದಲು ಗಾಳಿ ಓಡಿಸುತ್ತಾರೆ. ನೀರಲ್ಲಿ ಕರಗುತ್ತದೆ ಅಂದ ಮಾತ್ರಕ್ಕೆ ನಲ್ಲಿ ನೀರು ಹಿಡಿದು ಹಾಕಿದರೆ ನಡೆಯುವುದಿಲ್ಲ.

## ದೇಹದೊಳಗಿನ ನೀರಿಗೆ

ನಮ್ಮ ದೇಹವೂ ಬಹುಪಾಲು ನೀರೇ. ಲೋಹದ ಔಷಧಿ ಅಲ್ಲಿ ಕೆಲಸ ಮಾಡಬೇಕಾದರೆ ರಕ್ತದಲ್ಲಿ ಕರಗಲೇಬೇಕು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಪಾಲ್ ಡೈಸನ್ ಅವರ ತಂಡ ರುಥೇನಿಯಂ ಲೋಹಕ್ಕೆ ಒಂದು ಕಡೆ ಬೆಂಜೀನ್ ಜಾತಿಯ ಉಂಗುರ, ಇನ್ನೊಂದು ಕಡೆ ಎರಡು ಕ್ಲೋರೈಡ್ ಮತ್ತು ಒಂದು ಪಿಟಿಎ ಕೊಟ್ಟು ರಾಪ್ಟಾ ಅನ್ನೋ ಸಂಯುಕ್ತಗಳನ್ನು ಮಾಡಿದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಇವುಗಳಲ್ಲೊಂದು ಕ್ಯಾನ್ಸರ್ ಹರಡುವುದನ್ನು ಕಡಿಮೆ ಮಾಡಿದೆ. ಅದು ಸಂಶೋಧನೆಯ ಮಟ್ಟದ ಮಾತು, ಔಷಧಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಆದರೆ ಟೆಟ್ರೋಫಾಸ್ಮಿನ್ ನಿಜಕ್ಕೂ ಬಳಕೆಯಲ್ಲಿದೆ. ಆ ಚೀಟಿಗೆ ಈಗ ವಾಪಸ್ ಬರೋಣ.

ಟೆಕ್ನೀಷಿಯಂ ಲೋಹ ಆಸ್ಪತ್ರೆಗೆ ಸಿಗುವುದೇ ಉಪ್ಪುನೀರಿನ ದ್ರಾವಣವಾಗಿ. ಅದರ ಆಯಸ್ಸು ಕಮ್ಮಿ, 6 ಗಂಟೆಗೊಮ್ಮೆ ಅರ್ಧ ಅರ್ಧ ಆಗುತ್ತಾ ಹೋಗುತ್ತದೆ. ಕುದಿಸಿ, ಬೇರೆ ದ್ರಾವಕಕ್ಕೆ ಹಾಕಿ, ಶುದ್ಧ ಮಾಡಿ ಅಂತ ಕೂರಲು ಸಮಯವಿಲ್ಲ. ಲಿಗ್ಯಾಂಡ್ ನೀರಲ್ಲೇ, ಕೋಣೆಯ ಬಿಸಿಯಲ್ಲೇ, ಬೇಗನೆ ಲೋಹವನ್ನು ಹಿಡಿಯಬೇಕು.

ಟೆಟ್ರೋಫಾಸ್ಮಿನ್‌ನಲ್ಲಿ ಎರಡು ರಂಜಕಗಳಿವೆ, ನಡುವೆ ಎರಡು ಇಂಗಾಲದ ಸೇತುವೆ. ಎರಡು ಬೆರಳಿನಿಂದ ಚಿವುಟಿ ಹಿಡಿದ ಹಾಗೆ ಲೋಹವನ್ನು ಹಿಡಿಯುತ್ತದೆ, ಬಿಡಿಸಿಕೊಂಡು ಹೋಗುವುದು ಕಷ್ಟ. ಪ್ರತಿ ರಂಜಕಕ್ಕೂ ಇನ್ನೆರಡು ಕೈ, ಒಂದೊಂದು ಕೈಯಲ್ಲೂ ಒಂದೊಂದು ಆಮ್ಲಜನಕ ಪೋಣಿಸಿದ ಸರ. ಒಟ್ಟು ನಾಲ್ಕು. ಸಲ್ಫೋನೇಟ್‌ನಷ್ಟು ಜೋರಿನ ನೀರಿನ ಪ್ರೀತಿ ಇದಕ್ಕಿಲ್ಲ, ಇರಲೂಬಾರದು. ನೀರಿಗೇ ಪೂರ್ತಿ ಅಂಟಿಕೊಂಡರೆ ಜೀವಕೋಶದ ಎಣ್ಣೆಯಂಥ ಪೊರೆ ದಾಟಿ ಹೃದಯದ ಸ್ನಾಯುವಿನೊಳಗೆ ಹೋಗುವುದು ಹೇಗೆ? ಎಣ್ಣೆಗೇ ಅಂಟಿಕೊಂಡರೆ ರಕ್ತದಲ್ಲಿ ಸಾಗುವುದು ಹೇಗೆ? ಆ ನಾಲ್ಕು ಆಮ್ಲಜನಕಗಳು ಎರಡರ ನಡುವಿನ ಹದ ತರುತ್ತವೆ. ಇಷ್ಟು ನಾಜೂಕಾದ ಹದವನ್ನು ಹುಡುಕಿ ತೆಗೆದವರ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ.

ಬಾಟಲಿಯಲ್ಲಿ ಲಿಗ್ಯಾಂಡ್ ಇರುವುದು ಒಂದು ಮಿಲಿಗ್ರಾಂಗಿಂತಲೂ ಕಮ್ಮಿ. ಜೊತೆಗೆ ಟೆಕ್ನೀಷಿಯಂ‌ನ ಉತ್ಕರ್ಷಣ ಸ್ಥಿತಿಯನ್ನು ಇಳಿಸಲು, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡಲು, ತವರದ ಲವಣ, ಇನ್ನೊಂದಿಷ್ಟು ಸಹಾಯಕ ಲವಣಗಳು. ಒಳಗೆ ಗಾಳಿಯ ಬದಲು ಸಾರಜನಕ ತುಂಬಿ ಬಿಗಿಯಾಗಿ ಮುಚ್ಚಿರುತ್ತಾರೆ, ಕಾರಣ ನಿಮಗೀಗ ಗೊತ್ತು. ಟೆಕ್ನೀಷಿಯಂ ಇರುವ ಉಪ್ಪುನೀರನ್ನು ಸಿರಿಂಜಿನಲ್ಲಿ ಒಳಗೆ ಬಿಟ್ಟು, ಮೆಲ್ಲಗೆ ಕಲಕಿ, 15 ನಿಮಿಷ ಸುಮ್ನೆ ಇಡುತ್ತಾರೆ. ಅಷ್ಟರಲ್ಲಿ ಪ್ರತಿ ಟೆಕ್ನೀಷಿಯಂ ಸುತ್ತ ಎರಡು ಟೆಟ್ರೋಫಾಸ್ಮಿನ್, ಎರಡು ಆಮ್ಲಜನಕ ಬಂದು ಕೂತಿರುತ್ತವೆ. ಇಡೀ ಸಂಕೀರ್ಣಕ್ಕೆ ಒಂದು ಪ್ಲಸ್ ಚಾರ್ಜ್. ರಕ್ತ ಚೆನ್ನಾಗಿ ಹರಿಯುವ ಕಡೆ ಅದು ಸ್ನಾಯುವಿನೊಳಗೆ ಸೇರುತ್ತದೆ, ಹರಿಯದ ಕಡೆ ಸೇರುವುದಿಲ್ಲ. ವಿಕಿರಣ ಹಿಡಿಯುವ ಕ್ಯಾಮೆರಾದಲ್ಲಿ ಸೇರಿದ ಜಾಗ ಬೆಳಗುತ್ತದೆ, ಸೇರದ ಜಾಗ ಮಂಕಾಗಿ ಕಾಣುತ್ತದೆ. ಡಾಕ್ಟರು ನೋಡುವುದು ಅದನ್ನೇ.

ಇನ್ನು ವಿಕಿರಣದ ಮಾತು. 6 ಗಂಟೆಗೆ ಅರ್ಧ, 12ಕ್ಕೆ ಕಾಲು, 24 ಗಂಟೆ ಕಳೆಯುವಷ್ಟರಲ್ಲಿ ಹದಿನಾರನೇ ಒಂದು ಪಾಲು ಮಾತ್ರ. ಇದು ಲೋಹ ತಾನಾಗಿ ಕ್ಷಯಿಸುವ ಲೆಕ್ಕ ಅಷ್ಟೇ. ಇದರ ಮೇಲೆ ಸಂಕೀರ್ಣದ ಒಂದಷ್ಟು ಭಾಗ ಮೂತ್ರದಲ್ಲಿ ಹೊರಗೆ ಹೋಗುತ್ತಲೇ ಇರುತ್ತದೆ. ಸ್ಕ್ಯಾನ್ ಮುಗಿದ ಮೇಲೆ ನೀರು ಜಾಸ್ತಿ ಕುಡಿಯಿರಿ ಅಂತ ನರ್ಸ್ ಹೇಳುವುದು ಅದಕ್ಕೇ.